ಮುಳ್ಳಿಲ್ಲದೆ ತಿರುಗಿದ ಪ್ಲೇಟು

ನಾನು ಸಂತೆಕಲ್ಲೂರಿನಿಂದ ಮಸ್ಕಿಗೆ ಸೊಸೆಯಾಗಿ ಬಂದದ್ದು ಪೊಲೀಸ್ ಆಕ್ಷನ್ ಆದ ಮರುವರ್ಷ. ಬಂದ ಹೊಸದರಲ್ಲಿ ನೀರಿಗೆ ಹೋದಾಗ ಬಾವಿಯ ಹತ್ತಿರ ಒಬ್ಬ ಮುದುಕಿ ಕೊಡ ಕೆಳಗಿಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರ ಮನಿ ಸೊಸಿ ಬೇ ನೀ?" ಎಂದು ಕೇಳಿದಳು. ಗಂಡನ ಹೆಸರು ಬಾಯಿಂದ ಬರುವ ಹಾಗಿರಲಿಲ್ಲ. ಅರಿವೆ ಅಂಗಡಿಯವರ ಮನೆ ಎಂದೆ. "ಓ, ಕೆಪ್ಪನ ಮನಿ!" ಎಂದಳು. ಪಕ್ಕದಲ್ಲಿ ಹಗ್ಗ ಎಳೆಯುತ್ತಿದ್ದವಳು ಆಕೆಯ ಮೇಲೆ ಹರಿಹಾಯ್ದಳು: "ಯಾವ ಕಾಲದಾಗ ಅದಿ ಬೇ ಮುದುಕಿ? ಈಗ ಪದದವರ ಮನಿ ಅನ್ನು."

ನಮ್ಮ ಕಡೆ ಮನೆಗೆ ಹೀಗೊಂದು ಅಡ್ಡಹೆಸರು ಅಂಟಿತೆಂದರೆ ಗೋಡೆ ಬಿದ್ದರೂ ಹೆಸರು ಬೀಳುವುದಿಲ್ಲ. ನಮ್ಮ ಮಾವನವರಿಗೆ ನಡುವಯಸ್ಸಿನಲ್ಲೇ ಕಿವಿ ಹೋಗಿತ್ತಂತೆ. ಊರಿನವರು ಅವರ ಮುಂದೆ ಬರಿದೇ ಬಾಯಿ ಆಡಿಸಿ, ಅವರು "ಹೌದ್ಹೌದು" ಎಂದು ಗೋಣು ಹಾಕಿದ ಮೇಲೆ ಬಿದ್ದು ಬಿದ್ದು ನಗುತ್ತಿದ್ದರಂತೆ. ಅದನ್ನು ನೋಡುತ್ತಾ ಬೆಳೆದ ಮಗ ನನ್ನ ಗಂಡ. ಅವರು ಹಾಡು ಕಲಿತು, ಮಠದಲ್ಲಿ ಸೋಮವಾರದ ಭಜನೆಯಲ್ಲಿ ಮುಂದಾಳಾಗಿ ಕೂತು, ಒಂದೊಂದೇ ಪದ ಹಾಡಿ ಹಾಡಿ ಮನೆಯ ಆ ಹೆಸರನ್ನು ತೊಳೆದಿದ್ದರು. ಪೂರ್ತಿ ಹೋಗಿರಲಿಲ್ಲ, ಬಾವಿಯ ಮುದುಕಿಯಂಥವರ ಬಾಯಲ್ಲಿ ಇನ್ನೂ ಉಳಿದಿತ್ತು.

ಮದುವೆಯಾದ ಮೊದಲ ಸೋಮವಾರ ನಾನು ಹೆಂಗಸರ ನಡುವೆ ಕೂತು ಅವರ ಹಾಡು ಕೇಳಿದೆ. ನೋಡಲು ಅಂಥ ಚೆಲುವರೇನಲ್ಲ, ಮದುವೆ ಚಪ್ಪರದಲ್ಲಿ ನನಗೆ ಅಳುವೇ ಬಂದಿತ್ತು. ದನಿ ಎತ್ತಿದಾಗ ಮಾತ್ರ ಆ ಅಳು ಮರೆತೇಹೋಯಿತು. ಈ ದನಿ ನಮ್ಮ ಮನೆಯಲ್ಲೇ ಇರುತ್ತದಲ್ಲ, ಇನ್ನೇನು ಬೇಕು ಅನ್ನಿಸಿತು. ಆ ಹೊತ್ತು ನಾನು ಪಟ್ಟ ಸುಖವನ್ನು ಮುಚ್ಚಿಡುವುದಿಲ್ಲ.

ನಮ್ಮ ಮಗ್ಗುಲ ಮನೆ ಕಾಳಿನ ದಲಾಲಿ ಮಾಡುವ ಅಡತಿ ಸಾವುಕಾರರದ್ದು. ಎರಡೂ ಮನೆಗೆ ನಡುವೆ ಒಂದೇ ಗೋಡೆ. ನಿಜಾಮರ ಕಾಲದ ಒಬ್ಬ ಅಧಿಕಾರಿ ಲಿಂಗಸುಗೂರು ಬಿಟ್ಟು ಹೈದರಾಬಾದಿಗೆ ಹೊರಟಾಗ ಮನೆ ಸಾಮಾನು ಮಾರಿದರು. ಆಗ ಸಾವುಕಾರರು ಅವರಿಂದ ಒಂದು ಗ್ರಾಮಫೋನು ತಂದರು. ಚಾವಿ ಕೊಟ್ಟು ತಿರುಗಿಸುವಂಥದು, ಹೂವಿನಾಕಾರದ ಹಿತ್ತಾಳೆ ಬಾಯಿ. ಜೊತೆಗೆ ಒಂದು ಸಂದೂಕದ ತುಂಬ ಕರಿ ಪ್ಲೇಟುಗಳು: ಉರ್ದು ಗಜಲು, ಮರಾಠಿ ನಾಟಕದ ಪದ, ಕನ್ನಡದ್ದೂ ಕೆಲವು. ಸಾವುಕಾರರಿಗೆ ಉರ್ದು ಓದಲು ಬರುತ್ತಿತ್ತಾದರೂ ಗಜಲಿನ ಅರ್ಥ ಕೇಳಿದರೆ "ಪ್ರೀತಿ ಮಾಡಿ ಕೆಟ್ಟಾನ" ಎಂದು ಎಲ್ಲಕ್ಕೂ ಅದೊಂದೇ ಅರ್ಥ ಹೇಳುತ್ತಿದ್ದರು.

ರವಿವಾರ ಊಟವಾದ ಮೇಲೆ ಅವರ ಪಡಸಾಲೆಯಲ್ಲಿ ಜಮಖಾನ ಹಾಸಿ ಇಸ್ಪೀಟು ಶುರುವಾಗುತ್ತಿತ್ತು. ಆಡುವವರು ನಾಲ್ಕೇ ಮಂದಿ: ಸಾವುಕಾರರು, ಸಾಲಿ ಮಾಸ್ತರರು, ಒಬ್ಬ ಪತ್ತಾರರು, ನನ್ನ ಗಂಡ. ಆಟ ಮೂರೆಲೆ. ಮೂರು ಮೂರು ಎಲೆ ಹಂಚಿ, ಕೈಯಲ್ಲಿ ಒಳ್ಳೆಯದಿರಲಿ ಕೆಟ್ಟದಿರಲಿ ಮುಖದಲ್ಲಿ ತೋರಿಸದೆ, ಎದುರಿನವರನ್ನು ಹೆದರಿಸಿ ಎಲೆ ಕೆಳಗಿಡಿಸುವುದೇ ಅದರ ಜೀವ. ರೊಕ್ಕ ಇಟ್ಟು ಆಡುವುದಿಲ್ಲವೆಂದು ಸಾವುಕಾರರು ತಮ್ಮ ತಾಯಿಗೆ ಭಾಷೆ ಕೊಟ್ಟಿದ್ದರಿಂದ ಹುಣಸೆ ಬೀಜ ಇಟ್ಟು ಆಡುತ್ತಿದ್ದರು. ಬೀಜ ಕಳೆದುಕೊಂಡವರು ಮಿಕ್ಕವರಿಗೆ ಮಂಡಾಳ ಅಂದರೆ ಮಂಡಕ್ಕಿಯ ಒಗ್ಗರಣೆ, ಮಿರ್ಚಿ ತಿನ್ನಿಸಬೇಕು. ಸೋತವರು ಯಾರೇ ಇರಲಿ, ಒಲೆಯ ಮುಂದೆ ಕೂತು ಬೇಯುವವರು ಮಾತ್ರ ಸಾವುಕಾರರ ಹೆಂಡತಿ ಮತ್ತು ನಾನು. ಆ ಅಕ್ಕನ ಅಡುಗೆಮನೆಗೂ ಪಡಸಾಲೆಗೂ ನಡುವೆ ಒಂದು ಸಣ್ಣ ಕಿಟಕಿ. ಅದರಿಂದ ನಮಗೆ ನಾಲ್ವರ ಮುಖವೂ ಕಾಣುತ್ತಿತ್ತು.

ಗ್ರಾಮಫೋನು ಬಂದ ಮೇಲೆ ಆಟದ ರೀತಿಯೇ ಬದಲಾಯಿತು. ನಾಟಕದ ಪದ, ತಬಲಾ ಜೋರಾಗಿರುವಂಥದು ಹಾಕಿದರೆ ಪತ್ತಾರರ ಕೈ ತಡೆಯುತ್ತಿರಲಿಲ್ಲ. ಇಡೀ ವಾರ ಚಿಮಟದಲ್ಲಿ ಗುಂಜಿ ತೂಕದ ಬಂಗಾರ ಹಿಡಿದು ಕೂರುವ ಮನುಷ್ಯ, ಎಲೆ ತಿರುಗಿಸಿಯೂ ನೋಡದೆ ಮುಷ್ಟಿಗಟ್ಟಲೆ ಬೀಜ ಸುರಿಯುತ್ತಿದ್ದರು. ಆಮೇಲೆ ಎತ್ತಿ ನೋಡಿ, ಒಳ್ಳೆಯ ಎಲೆ ಬಂದಿದ್ದರಂತೂ ಅವರ ಕಾಲ ಹೆಬ್ಬೆರಳು ತಾಳಕ್ಕೆ ಕುಣಿಯುತ್ತಿತ್ತು. ಗಜಲು ಹಾಕಿದರೆ ಮಾಸ್ತರರು ಕರಗುತ್ತಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿರಲಿಲ್ಲ. ಗೆಲ್ಲುವ ಎಲೆಯನ್ನೇ ಕೈಯಲ್ಲಿ ಹಿಡಿದು "ಸಾಕು ಬಿಡಪಾ, ಯಾರಿಗೆ ಬೇಕು" ಎಂದು ಬೋರಲು ಹಾಕುತ್ತಿದ್ದರು. ಸಾವುಕಾರರು ಹಾಡಿನ ಜೊತೆ ಗುನುಗುತ್ತಾ, ಸುಳ್ಳು ಆಡಬೇಕಾದ ಕಡೆ ಗುನುಗು ನಿಲ್ಲಿಸಿ ತಾವೇ ಸಿಕ್ಕಿಬೀಳುತ್ತಿದ್ದರು. ಹಾಡು ಮೂವರ ಮುಖದ ಬಾಗಿಲನ್ನೂ ತೆಗೆದಿಟ್ಟುಬಿಡುತ್ತಿತ್ತು.

ನನ್ನ ಗಂಡನಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಗೋಣು ಹಾಕುತ್ತಾರೆ, ತೊಡೆಯ ಮೇಲೆ ತಾಳ ಹಾಕುತ್ತಾರೆ, ಆದರೆ ಆಟ ಅಲುಗುವುದಿಲ್ಲ. ವಾರ ವಾರವೂ ಅವರೇ ಗೆಲ್ಲುತ್ತಿದ್ದರು. "ಇಂವಂದು ಕಲ್ಲೆದಿ ಐತ್ರಿ" ಎಂದು ಪತ್ತಾರರು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದರು. "ಸಂಗೀತ ಬಲ್ಲಾಂವ, ನಮ್ಮಾಂಗ ತೇಲಂಗಿಲ್ಲ" ಎಂದು ಮಾಸ್ತರರು ಮೆಚ್ಚುತ್ತಿದ್ದರು. ಕಿಟಕಿಯ ಹಿಂದೆ ನಾನು ಮಿರ್ಚಿ ಕರಿಯುತ್ತಾ ಬೀಗುತ್ತಿದ್ದೆ.

ಒಂದು ರವಿವಾರ ಪ್ಲೇಟಿನ ಗೆರೆಯಲ್ಲಿ ಮುಳ್ಳು ಸಿಕ್ಕಿಕೊಂಡಿತು. ಹಾಡುವವಳು ಅರ್ಧ ಮಾತು ಹೇಳುವುದು, ಮತ್ತೆ ಹಿಂದೆ ಹೋಗಿ ಅದನ್ನೇ ಹೇಳುವುದು. ಬಿಕ್ಕಳಿಕೆ ಬಂದವಳ ಹಾಗೆ. ಪಡಸಾಲೆಯೆಲ್ಲ ಹೋ ಎಂದು ನಕ್ಕಿತು. ನಾನು ನಕ್ಕು, ನನ್ನ ಗಂಡ ಹೇಗೆ ನಗುತ್ತಾರೆ ನೋಡೋಣವೆಂದು ಇವರ ಕಡೆ ನೋಡಿದೆ. ಇವರು ಎಲೆ ನೋಡುತ್ತಾ ತಾಳ ಹಾಕುತ್ತಿದ್ದರು. ತಲೆ ಎತ್ತಿ, ಮೂವರ ತೆರೆದ ಬಾಯಿ ಕಂಡು, ಆಮೇಲೆ ನಕ್ಕರು. ಎಲ್ಲರ ನಗು ಮುಗಿಯುವ ಹೊತ್ತಿಗೆ ಇವರ ನಗು ಹತ್ತಿತ್ತು.

ನನ್ನ ಕೈಯ ಝಾರಿ ಸೌಟು ಎಣ್ಣೆಗೆ ಬಿತ್ತು. ಅಲ್ಲಿಯವರೆಗೆ ಬಿಡಿಬಿಡಿಯಾಗಿ ಬಿದ್ದಿದ್ದೆಲ್ಲ ಒಟ್ಟಿಗೆ ಕೂಡಿಕೊಂಡಿತು. ದೀಪ ಆರಿಸಿದ ಮೇಲೆ ನಾನು ಏನು ಕೇಳಿದರೂ ಉತ್ತರ ಬರುತ್ತಿರಲಿಲ್ಲ. ನನ್ನ ಮೇಲೆ ಮುನಿಸೆಂದು ತಿಳಿದು ಎಷ್ಟು ಸಲ ಗೋಡೆಗೆ ಮುಖ ಮಾಡಿ ಅತ್ತಿದ್ದೆನೋ. ಅಂಗಡಿಯಲ್ಲಿ ಮೀಸೆ ದಪ್ಪಗಿದ್ದು ತುಟಿ ಮುಚ್ಚಿದ ಗಿರಾಕಿಗಳ ಜೊತೆ ವ್ಯಾಪಾರವೇ ಕುದುರುತ್ತಿರಲಿಲ್ಲ, ಜಗಳವಾಗುತ್ತಿತ್ತು. ಸಿಂಧನೂರಿನ ಸಂತೆಗೆ ಗಂಟು ಹೊತ್ತು ಹೋದರೆ, ಕಾಲುವೆ ಕೆಲಸಕ್ಕೆ ಬಂದ ಆಂಧ್ರದವರು ಏನಾದರೂ ಕೇಳಿದಾಗ "ನನಗ ತೆಲುಗು ಬರಂಗಿಲ್ಲ" ಎಂದು ಕೈ ಆಡಿಸುತ್ತಿದ್ದರು. ಮದುವೆಯಾದ ವರ್ಷ ನನ್ನೆದುರಿಗೇ ಅವರು ತೆಲುಗಿನಲ್ಲಿ ಪಟಪಟ ಮಾತಾಡಿದ್ದು ನೆನಪಾಯಿತು.

ಮನೆಗೆ ಬಂದು ಬಾಗಿಲು ಹಾಕಿ, ಅವರ ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆದೆ. ತಿರುಗಲಿಲ್ಲ. ಇನ್ನೂ ಗಟ್ಟಿಯಾಗಿ ಕರೆದೆ. ತಿರುಗಲಿಲ್ಲ. ಕೊನೆಗೆ ನಾನೇ ಮುಂದೆ ಹೋಗಿ ನಿಂತೆ. ನನ್ನ ಮುಖ ನೋಡಿದ ಕೂಡಲೇ ಅವರಿಗೆ ತಿಳಿಯಿತು. ಎಲ್ಲರ ಮುಖ ಓದುವ ಮನುಷ್ಯ, ಹೆಂಡತಿಯ ಮುಖ ಓದಲಾರರೇ?

"ಯಾವಾಗಿಂದ್ರಿ?" ಎಂದೆ.

"ಭಾಳ ದಿನ ಆತು. ಮೊದ್ಲ ಹಕ್ಕಿ ದನಿ ಹೋದ್ವು. ಆಮ್ಯಾಗ ಹೆಣ್ಮಕ್ಕಳ ದನಿ. ನಿಂದೂ ಹೋತು."

ಅದನ್ನು ಕೇಳಿ ನಾನು ಅತ್ತೆ. ಅವರು ಅಳಲಿಲ್ಲ. ಗೋಡೆಯ ಕಡೆ ಒಮ್ಮೆ ನೋಡಿ, ದನಿ ಎಷ್ಟು ಜೋರಾಗಿದೆಯೋ ತಿಳಿಯದವರ ಅಂಜಿಕೆಯಲ್ಲಿ, ಬರೀ ಉಸಿರಿನಲ್ಲಿ ಹೇಳಿದರು: "ಯಾರಿಗೂ ಹೇಳಬ್ಯಾಡ. ಮತ್ತ ಇದು ಕೆಪ್ಪನ ಮನಿ ಆಕೈತಿ. ನಮ್ಮಪ್ಪನ್ನ ಆಡಿಕೊಂಡಾಂಗ ನನ್ನ ಆಡಿಕೋತಾರ. ನಾ ತಡಕೊಳ್ಳಾಂಗಿಲ್ಲ."

"ಮತ್ತ ಇಸ್ಪೀಟಿನ್ಯಾಗ?"

ಆಗ ತುಸು ನಕ್ಕರು. "ಅದರಾಗ ಏನೈತಿ. ಪ್ಲೇಟು ತಿರಗಾಕ ಹತ್ತಿತಂದ್ರ ಅವರ ಮಾರಿ ಬಾಯಿ ಬಿಡತಾವು. ನಾ ಓದತೀನಿ. ಪ್ಲೇಟು ಇಲ್ಲಂದ್ರ ನಾನೂ ಅವರಾಂಗ ಸೋಲಾಂವನ."

ಲಿಂಗಸುಗೂರಿನ ದವಾಖಾನೆಗೆ ಹೋದೆವು. ಇದು ರಕ್ತದಲ್ಲೇ ಬಂದದ್ದು, ಒಳಗಿನ ನರ ಸೊರಗಿವೆ, ಔಷಧಿ ಇಲ್ಲ ಎಂದು ಡಾಕ್ಟರು ಒಂದು ಕಾಗದದ ಮೇಲೆ ಬರೆದು ತೋರಿಸಿದರು. ಊರಲ್ಲಿ ಯಾಕೆ ಹೋದಿರೆಂದು ಕೇಳಿದವರಿಗೆ ನನ್ನ ಹೊಟ್ಟೆ ತೋರಿಸಿಕೊಂಡು ಬರಲು ಹೋಗಿದ್ದೆವೆಂದೆ. ನಮಗೆ ಮಕ್ಕಳಾಗಿರಲಿಲ್ಲ, ಹಾಗಾಗಿ ನೆಪ ಹುಡುಕುವ ತೊಂದರೆ ಬರಲಿಲ್ಲ. ಬಾವಿಯ ಹತ್ತಿರ ನನ್ನ ಬೆನ್ನ ಹಿಂದೆ ಪಿಸಪಿಸ ಶುರುವಾಯಿತು. ನನ್ನ ಕಿವಿ ಚೆನ್ನಾಗಿಯೇ ಇದ್ದವು, ಎಲ್ಲ ಕೇಳಿಸುತ್ತಿತ್ತು. ಇವರಿಗೆ ಬೇಕಾದದ್ದನ್ನು ಇವರಿಂದ ಕಿತ್ತುಕೊಂಡು, ನನಗೆ ಬೇಡವಾದದ್ದನ್ನೆಲ್ಲ ಕೇಳಿಸುವ ದೇವರ ಮೇಲೆ ಆಗ ನನಗಿದ್ದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಭಜನೆಗೆ ಒಂದು ದಾರಿ ಮಾಡಿಕೊಂಡೆವು. ಮಠದಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುವವನ ಪಕ್ಕದಲ್ಲೇ ಕೂತು, ಪೇಟಿಯ ಕಟ್ಟಿಗೆಯ ಮೇಲೆ ಅಂಗೈ ಇಡುತ್ತಿದ್ದರು. ಆ ನಡುಕದಿಂದ ಶ್ರುತಿ ಹಿಡಿಯುತ್ತಿದ್ದರು. ನಾನು ಹೆಂಗಸರ ಸಾಲಿನಲ್ಲಿ ಅವರಿಗೆ ಕಾಣುವ ಹಾಗೆ ಮುಂದೆ ಕೂರುತ್ತಿದ್ದೆ. ಅವರ ದನಿ ಶ್ರುತಿ ಬಿಟ್ಟು ಮೇಲೇರಿತೆಂದರೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುವುದು, ಇಳಿಯಿತೆಂದರೆ ಸೆರಗು ಸರಿಸುವುದು. ಹೆಂಗಸರು "ಇಕಿಗೆ ಸೆರಗಿಂದ ಒಂದು ಕಾಯಿಲಿ" ಎಂದು ನಕ್ಕರು. ನಗಲಿ ಬಿಡಿ, ನನ್ನ ಸೆರಗಿನ ಅಂಚಿನಲ್ಲಿ ಒಂದು ಮನೆಯ ಮರ್ಯಾದೆ ನಿಂತಿತ್ತು. ಹೀಗೆಯೇ ಒಂದೆರಡು ವರ್ಷ ನೂಕಿದೆವು.

ಆಮೇಲೆ ಆ ರವಿವಾರ ಬಂತು. ಒಂದು ಗಜಲು ಮುಗಿದು, ಸಾವುಕಾರರು ಹೊಸ ಪ್ಲೇಟು ಇಟ್ಟು ಚಾವಿ ಕೊಟ್ಟರು. ಪ್ಲೇಟು ತಿರುಗಲು ಹತ್ತಿತು. ಮುಳ್ಳು ಸವೆದಿದೆಯೆಂದು ಅದನ್ನು ಬಿಚ್ಚಿ, ಹೊಸ ಮುಳ್ಳಿನ ಡಬ್ಬಿ ತರಲು ಒಳಗೆ ಬಂದರು. ಪ್ಲೇಟು ಸುಮ್ಮನೆ ತಿರುಗುತ್ತಿತ್ತು. ಇವರು ಅದರ ಕಡೆ ಒಂದು ಸಲ ನೋಡಿ, ತೊಡೆಯ ಮೇಲೆ ತಾಳ ಶುರುಮಾಡಿದರು. ಕಣ್ಣು ಮುಚ್ಚಿ ಗೋಣು ಹಾಕಿದರು. "ವಾಹ್! ಏನ್ ದನಿ ಐತ್ರಿ ಈಕಿದು!" ಎಂದರು.

ಪತ್ತಾರರು ತಲೆ ಬಗ್ಗಿಸಿದರು. ಡಬ್ಬಿ ಹಿಡಿದು ಬಂದ ಸಾವುಕಾರರು ಬಾಗಿಲಲ್ಲೇ ನಿಂತರು. ಅಕ್ಕ ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಂಬಿ ಹಿಡಿದುಕೊಂಡೆ. ಈಗ ನಗುತ್ತಾರೆ, ಈಗ ನಗುತ್ತಾರೆ ಎಂದು ಕಾದೆ.

ಇವರು ಕಣ್ಣು ತೆರೆದ ಕೂಡಲೇ ಮಾಸ್ತರರು ಇವರಿಗೆ ಕಾಣುವ ಹಾಗೆ ಮುಂದೆ ಬಾಗಿ, ಬಾಯಿ ಅಗಲ ಮಾಡಿ, "ವಾಹ್!" ಎಂದರು. ಅವರ ಕಣ್ಣು ತುಂಬಿತ್ತು. ಪತ್ತಾರರೂ ಗೋಣು ಹಾಕಿದರು. ಸಾವುಕಾರರು ಮುಳ್ಳಿನ ಡಬ್ಬಿಯನ್ನು ಸದ್ದಾಗದಂತೆ ಅಂಗಿಯ ಬಕ್ಕಣಕ್ಕೆ ಇಳಿಸಿ ಬಂದು ಕೂತರು. ಆಟ ಮುಂದುವರಿಯಿತು.

ಮುಂದಿನ ರವಿವಾರ ಪ್ಲೇಟು ಇಟ್ಟರು, ಚಾವಿ ಕೊಟ್ಟರು, ಮುಳ್ಳಿನ ತೋಳನ್ನೂ ಪ್ಲೇಟಿನ ಮೇಲೆ ಬಾಗಿಸಿದರು, ಮುಳ್ಳು ಮಾತ್ರ ಹಾಕಲೇ ಇಲ್ಲ. ಅದರ ಮುಂದಿನ ವಾರವೂ ಅಷ್ಟೇ. ನಾಲ್ವರು ಬೆಳೆದ ಗಂಡಸರು ಸದ್ದಿಲ್ಲದ ಪ್ಲೇಟಿನ ಸುತ್ತ ಕೂತು ತಾಳ ಹಾಕುತ್ತಾ ಇಸ್ಪೀಟು ಆಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೊರಗಿನವರು ನೋಡಿದ್ದರೆ ಹುಚ್ಚರ ಸಂತೆ ಎನ್ನುತ್ತಿದ್ದರು.

"ಯಾಕಕ್ಕಾ ಹಿಂಗ?" ಎಂದು ಒಲೆಯ ಮುಂದೆ ಅಕ್ಕನನ್ನು ಕೇಳಿದೆ.

"ಪದ ಹಚ್ಚಿದ್ರ ಅಂವಗ ನಾವು ಸೋಲ್ತೀವಿ, ಪೆಟ್ಟಿಗಿ ಮುಚ್ಚಿದ್ರ ಅಂವಗ ಗೊತ್ತಾಕೈತಿ, ಅದಕ್ಕ ಸುಮ್ನ ತಿರಗಿಸ್ತೀವಿ ಅಂತಾರ" ಎಂದಳು. ಬೆಂಕಿ ಊದಿ, ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡು ಸೇರಿಸಿದಳು: "ಸೋಲಿಂದು ಬರೇ ಬಾಯಿ ಮಾತು. ಅಂವಗ ಇಲ್ಲದ್ದು ಗಂಟಲದಾಗ ಇಳಿಯವಲ್ಲದು ಅವರಿಗೆ. ಮತ್ತ ಆ ಮಾತು ಈ ಮನಿ ಹೊಸ್ತಿಲಾ ದಾಟಂಗಿಲ್ಲ. ನೀ ಅಂಜಬ್ಯಾಡ."

ಮೂವರು ಗಂಡಸರು, ಒಬ್ಬ ಹೆಂಗಸು. ಮಸ್ಕಿಯಂಥ ಊರಿನಲ್ಲಿ ಅವರಿಗೆ ಒಂದು ಮಾತು ಬಾಯಲ್ಲಿ ಇಟ್ಟುಕೊಳ್ಳಲು ಸಾಧ್ಯವಾಯಿತಲ್ಲ, ಅದಕ್ಕೆ ನಾನು ಅವರಿಗೆ ಇಂದಿಗೂ ಕೈ ಮುಗಿಯುತ್ತೇನೆ. ಆದರೆ ಅವರ ಅಷ್ಟು ದೊಡ್ಡ ಪ್ರೀತಿಯೇ ಇವರಿಗೆ ಗುಟ್ಟು ಬಿಟ್ಟುಕೊಟ್ಟಿತು.

ಇವರು ಸೋಲತೊಡಗಿದರು. ಹಾಡಿಲ್ಲದ ಮೇಲೆ ಆ ಮೂವರ ಮುಖದಲ್ಲಿ ಓದಲು ಏನೂ ಇರಲಿಲ್ಲ. ತಾಳ ಹಾಕುವ ನಟನೆಯಲ್ಲಿ ಮೂವರ ಮುಖವೂ ಒಂದೇ ಥರ. ಪತ್ತಾರರ ಹೆಬ್ಬೆರಳು ಅಲುಗುತ್ತಿರಲಿಲ್ಲ. ಗಜಲಿನ ಪ್ಲೇಟು ಇಟ್ಟರೂ ಮಾಸ್ತರರು ಗೆಲ್ಲುವ ಎಲೆ ಬಿಡುತ್ತಿರಲಿಲ್ಲ. ಮನೆಗೆ ಬಂದು ಇವರು ನನ್ನನ್ನು ಕೇಳುತ್ತಿದ್ದರು: "ಇವತ್ತ ಯಾವ ಪ್ಲೇಟು ಹಚ್ಚಿದ್ರು?" ನಾನು ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೆ. "ಗಜಲೇನ? ಮಾಸ್ತರ ಕರಗಲಿಲ್ಲಲ್ಲ!" ಎಂದು ಯೋಚನೆಗೆ ಬೀಳುತ್ತಿದ್ದರು. ಪ್ಲೇಟು ಇಲ್ಲದಿದ್ದರೆ ಸೋಲುವವನೇ ಎಂದು ಅವರೇ ನನಗೆ ಹೇಳಿದ್ದರಲ್ಲ. ಆ ಮಾತು ನನಗಿಂತ ಚೆನ್ನಾಗಿ ಅವರಿಗೇ ನೆನಪಿತ್ತು.

ಶ್ರಾವಣ ಹತ್ತಿರ ಬಂದಾಗಿನ ಒಂದು ರವಿವಾರ. ಪ್ಲೇಟು ತಿರುಗುತ್ತಿತ್ತು. ಆಟದ ನಡುವೆ ಇವರು ಎಲೆಗಳನ್ನು ಬೋರಲು ಇಟ್ಟು, ಮುಂದೆ ಬಾಗಿ, ಗ್ರಾಮಫೋನಿನ ಕಟ್ಟಿಗೆಯ ಮೇಲೆ ಅಂಗೈ ಇಟ್ಟರು. ಪೇಟಿಯ ಮೇಲೆ ಇಡುತ್ತಿದ್ದ ಹಾಗೆಯೇ. ಬಹಳ ಹೊತ್ತು ಇಟ್ಟರು. ಸಾವುಕಾರರು ಕೈ ಮುಂದೆ ಚಾಚಿ ಹಾಗೇ ಹಿಂದೆ ತೆಗೆದುಕೊಂಡರು.

"ಚಾವಿ ನಡುಗಾಕತ್ತೈತಿ," ಎಂದರು ಇವರು, "ಪದ ನಡುಗವಲ್ಲದು."

ಒಬ್ಬೊಬ್ಬರ ಮುಖವನ್ನೂ ನೋಡಿದರು. ಆ ಹೊತ್ತು ಓದಲು ಏನೂ ಕಷ್ಟವಿರಲಿಲ್ಲ. ಮಾಸ್ತರರು ಏನೋ ಹೇಳಲು ಬಾಯಿ ತೆರೆದರೆ ಇವರು ಕೈ ಎತ್ತಿ ತಡೆದರು. ಸಾವುಕಾರರ ಮುಂದೆ ಅಂಗೈ ಚಾಚಿ, "ಮುಳ್ಳು ಕೊಡ್ರಿ" ಎಂದರು. ಕೊಟ್ಟರು. ನಿಧಾನವಾಗಿ ಅದನ್ನು ಜೋಡಿಸಿ, ಪ್ಲೇಟಿನ ಮೇಲೆ ತಾವೇ ಇಳಿಸಿದರು. ಎಷ್ಟೋ ವಾರದ ಮೇಲೆ ಆ ಪಡಸಾಲೆಯಲ್ಲಿ ಒಬ್ಬಳು ಹಾಡಿದಳು. ಗಜಲೇ. ಮಾಸ್ತರರು ಕಣ್ಣಿಗೆ ಧೋತರದ ತುದಿ ಒತ್ತಿಕೊಂಡರು.

"ನೀವರ ಕೇಳ್ರಪಾ," ಎಂದರು ಇವರು, ಎದ್ದು ನಿಂತು. "ನನ್ನ ಸಲುವಾಗಿ ನೀವ್ಯಾಕ ಕೆಪ್ಪರಾಗ್ತೀರಿ. ನಾ ಕೆಪ್ಪನ ಮನ್ಯಾಗ ಹುಟ್ಟಿದಾಂವ, ನನಗ ರೂಢಿ ಐತಿ."

ಅಷ್ಟು ವರ್ಷ ಯಾರ ಬಾಯಿಂದ ಬರಬಾರದೆಂದು ಹೆದರಿದ್ದರೋ ಆ ಮಾತನ್ನು ತಾವೇ ಆಡಿ, ಚಪ್ಪಲಿ ಮೆಟ್ಟಿ ಹೊರಗೆ ನಡೆದರು. ನಾನು ಒಲೆಯ ಮೇಲೆ ಎಣ್ಣೆ ಬಿಟ್ಟು ಹಿತ್ತಲ ಬಾಗಿಲಿನಿಂದ ಓಡಿದೆ.

ಮರುದಿನ ಸೋಮವಾರ. ಮಠದಲ್ಲಿ ಮುಂದಾಳಿನ ಜಾಗದಲ್ಲಿ ಕೂರದೆ, ಹಿಂದಿನ ಕಂಬಕ್ಕೆ ಒರಗಿ ಕೂತರು. ಗಂಟಲು ಕೆಟ್ಟಿದೆಯೆಂದು ಜನ ತಿಳಿದರು. ಹಾಗೆಂದು ಎಲ್ಲರಿಗೂ ಹೇಳಿದ್ದು ಪತ್ತಾರರು. ಆಮೇಲೆ ಅವರು ಮಠದಲ್ಲೂ ಮನೆಯಲ್ಲೂ ಹಾಡಲಿಲ್ಲ. ಕೆಪ್ಪನ ಮನೆ ಎಂಬ ಹೆಸರು ವಾಪಸು ಬರಲಿಲ್ಲ, ಪದದವರ ಮನೆಯಾಗಿಯೇ ಉಳಿಯಿತು. ಪದವೊಂದೇ ಇರಲಿಲ್ಲ.

ಅವರು ಇಸ್ಪೀಟಿಗೂ ಮತ್ತೆ ಹೋಗಲಿಲ್ಲ. ರವಿವಾರ ಊಟವಾದ ಮೇಲೆ ನಡುಮನೆಯಲ್ಲಿ, ಸಾವುಕಾರರ ಮನೆಯ ಗೋಡೆಯ ಮಗ್ಗುಲಲ್ಲಿ ಕೂತು ನನ್ನ ಬಾಯಿ ನೋಡುತ್ತಾ ಕೇಳುತ್ತಿದ್ದರು: "ಹಚ್ಚ್ಯಾರೇನ?"

"ಹಚ್ಚ್ಯಾರ್ರಿ."

"ಯಾವುದು?"

ನಾನು ಒಂದು ಹಾಡು ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಗೋಡೆಯ ಆಚೆ ಸದ್ದೇ ಇರುತ್ತಿರಲಿಲ್ಲ. ಇವರು ಎದ್ದು ಬಂದ ಆ ದಿನವೇ ಸಾವುಕಾರರು ಗ್ರಾಮಫೋನಿಗೆ ಬಟ್ಟೆ ಮುಚ್ಚಿ ಅಟ್ಟಕ್ಕೆ ಏರಿಸಿದ್ದರು. ಅಲ್ಲಿ ಇಸ್ಪೀಟೂ ನಿಂತಿತ್ತು.

ಆ ಗೋಡೆ ಅವರ ಭುಜದಿಂದ ಒಂದು ಗೇಣೂ ದೂರವಿರಲಿಲ್ಲ. ಅಂಗೈ ಇಟ್ಟು ನೋಡಿದ್ದರೆ ತಿಳಿಯುತ್ತಿತ್ತು. ಅವರು ಇರುವತನಕ ಒಂದು ಸಲವೂ ಇಡಲಿಲ್ಲ.